ಪಡಸಾಲೆಯ ಜೀವಶಾಸ್ತ್ರಜ್ಞೆ

ನಾನು ಜೀವಶಾಸ್ತ್ರಜ್ಞೆ ಎಂದು ಒಪ್ಪಿಕೊಂಡು ಪುಣೆಯ ಸಂಸ್ಥೆಯೊಂದು ಕೊಟ್ಟ ಪ್ರಮಾಣಪತ್ರ ಚಿಕ್ಕೋಡಿಯ ಈ ಮನೆಯ ಕಪಾಟಿನಲ್ಲಿ, ಕರೆಂಟ್ ಬಿಲ್ಲಿನ ಫೈಲಿನ ಕೆಳಗೆ ಬಿದ್ದಿದೆ. ಗೋಡೆಗೆ ಹಾಕಿಲ್ಲ. ಯಾರಾದರೂ ಕೇಳಿದರೆ, ಮೊಳೆ ಹೊಡೆದರೆ ಗಿಲಾವು ಉದುರುತ್ತದೆ ಎನ್ನುತ್ತೇನೆ. ಅದು ಸುಳ್ಳಲ್ಲ, ಆದರೆ ಕಾರಣವೂ ಅದಲ್ಲ. ಆ ಕಾಗದಕ್ಕಾಗಿ ಎರಡು ಬೇಸಿಗೆ ಕಬ್ಬಿನ ಸಾಲಿನಲ್ಲಿ ಬೆಂದಿದ್ದೇನೆ. ಅದು ಕೈಗೆ ಬಂದ ಮೇಲೆ, ನಾನು ಆಸೆಪಟ್ಟದ್ದು ಬೇರೆಯದೇ ಒಂದಕ್ಕೆ ಎಂದು ಗೊತ್ತಾಯಿತು. ಆ ಆಸೆ ಇನ್ನೂ ಹೋಗಿಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಈ ವಯಸ್ಸಿನಲ್ಲೂ ಕೆಲವು ಮಧ್ಯಾಹ್ನ ಅದು ಎದೆಯಲ್ಲಿ ಎದ್ದು ಕೂಡುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಲ್ಯಾಬ್ ಎಂದರೆ ಗೋದಾಮಿನ ಬದಿಗೆ ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ಸಾಲಾಗಿ ಜೋಡಿಸಿದ ಮರದ ಪೆಟ್ಟಿಗೆಗಳು, ಅಷ್ಟೇ. ಕಬ್ಬು ಎಳೆಯದಿದ್ದಾಗ ಅದಕ್ಕೆ ಸುಳಿ ಕೊರೆಯುವ ಹುಳು ಬೀಳುತ್ತದೆ. ನಡುವಿನ ಸುಳಿ ಒಣಗಿ ನಿಲ್ಲುತ್ತದೆ. ಹಿಡಿದು ಜಗ್ಗಿದರೆ ಸಲೀಸಾಗಿ ಕೈಗೆ ಬರುತ್ತದೆ. ಬುಡ ಮೂಸಿದರೆ ಕೊಳೆತ ವಾಸನೆ. ಈ ಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು, ಅದು ಹುಟ್ಟುವ ಮೊದಲೇ ಮುಗಿಸಿಬಿಡುವ ಒಂದು ಕಣಜ ಇದೆ. ಕಣಜ ಎಂದರೆ ಹೆದರಬೇಡಿ, ಒಂದು ಸಾಸಿವೆ ಕಾಳಿನ ಮೇಲೆ ಮೂರ್ನಾಲ್ಕು ಆರಾಮಾಗಿ ಕೂಡಬಹುದು. ಅಂಟು ಸವರಿದ ರಟ್ಟಿನ ಕಾರ್ಡಿನ ಮೇಲೆ ಅಕ್ಕಿ ಪತಂಗದ ಮೊಟ್ಟೆಗಳನ್ನು ಉದುರಿಸಿ, ಅವುಗಳಲ್ಲಿ ಈ ಕಣಜ ಮೊಟ್ಟೆಯಿಡುವಂತೆ ಮಾಡಿ, ಅವು ಕಪ್ಪಾದ ಮೇಲೆ ಕಾರ್ಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ರೈತರಿಗೆ ಕೊಡುವುದು ನನ್ನ ಕೆಲಸ. ಪಟ್ಟಿಗಳನ್ನು ಕಬ್ಬಿನ ಎಲೆಯ ಕೆಳಗೆ ಕಟ್ಟಿದರೆ ಒಂದೆರಡು ದಿನದಲ್ಲಿ ಕಣಜಗಳು ಹೊರಬಂದು ತಮ್ಮ ಪಾಡಿಗೆ ತಾವು ದುಡಿಯುತ್ತವೆ.

ಆ ಲ್ಯಾಬಿನಲ್ಲಿ ನನ್ನದೇ ದರ್ಬಾರು. ಕಣಜಗಳಿಗೆ ಹೊಗೆ ಆಗದು, ತಂಬಾಕಿನ ವಾಸನೆ ಆಗದು. ನಮ್ಮ ಕಬ್ಬು ವಿಭಾಗದ ಸಾಹೇಬರು ನಿಪ್ಪಾಣಿಯವರು, ದವಡೆಯಲ್ಲಿ ತಂಬಾಕು ಇಲ್ಲದ ಗಳಿಗೆಯೇ ಇಲ್ಲ. ಅವರು ಬಾಗಿಲಿಗೆ ಬಂದರೆ ನಾನು ಕೈ ಅಡ್ಡ ಹಿಡಿಯುತ್ತಿದ್ದೆ. "ಸಾಹೇಬ್ರ, ಬಾಯಿ ತೊಳಕೊಂಡ ಬರ್ರಿ, ಇಲ್ಲಾಂದ್ರ ಅಲ್ಲೇ ನಿಂತ ಮಾತಾಡ್ರಿ" ಎನ್ನುತ್ತಿದ್ದೆ. ಅವರು ಗೊಣಗುತ್ತ ನಲ್ಲಿಯ ಕಡೆ ಹೋಗುತ್ತಿದ್ದರು. ಒಳಗೆ ಯಾರು ಬರಬೇಕು, ಯಾರು ಹೊರಗೆ ನಿಲ್ಲಬೇಕು ಎಂದು ಹೇಳುವ ಅಧಿಕಾರ ಜಗತ್ತಿನಲ್ಲಿ ನನಗೆ ಇದ್ದದ್ದು ಆ ಒಂದೇ ಕೋಣೆಯಲ್ಲಿ.

ಆದರೂ ಹಾಜರಿಯ ಮಸ್ಟರಿನಲ್ಲಿ ನಾನು ಲ್ಯಾಬ್ ಅಸಿಸ್ಟಂಟ್. ಕೊಲ್ಲಾಪುರದಲ್ಲಿ ಎಂ.ಎಸ್ಸಿ. ಮಾಡಿ ಬಂದಿದ್ದರೂ ನಾನು ಬರೆದ ವರದಿಗೆ ಸಹಿ ಸಾಹೇಬರದು. ನಮ್ಮೂರು ರಾಯಬಾಗ ತಾಲ್ಲೂಕಿನ ಅಲಖನೂರ. ಅಪ್ಪ ಕಾಲುವೆಯ ಗೇಟು ಕಾಯುವ ಸರಕಾರಿ ನೌಕರ, ಅವ್ವ ಕಬ್ಬಿನ ಕಳೆ ತೆಗೆಯಲು ಹೋಗುವವಳು. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಓಣಿಯಲ್ಲಿ ಕೇಳಿದರೆ ಅವ್ವ, "ಹುಳಾ ಸಾಕ್ತಾಳ" ಎಂದು ಹೇಳಿ ನಗುವಿಗೆ ಗುರಿಯಾಗುತ್ತಿದ್ದಳು. ನನಗೊಂದು ಹೆಸರು ಬೇಕಿತ್ತು. ನಾನು ಏನು ಎಂಬುದನ್ನು ಒಂದೇ ಮಾತಿನಲ್ಲಿ ಹೇಳುವ, ಯಾರೂ ನಗದ ಹೆಸರು.

ಆಗ ಪುಣೆಯ ಆ ಸಂಸ್ಥೆಯ ಫಾರ್ಮು ಸಿಕ್ಕಿತು. ಜೀವಶಾಸ್ತ್ರ ಓದಿ ದುಡಿಯುವವರನ್ನು ಪರೀಕ್ಷಿಸಿ, ಇವರು ಈ ವೃತ್ತಿಗೆ ತಕ್ಕವರು ಎಂದು ಮಾನ್ಯತೆ ಕೊಡುವ ಸಂಸ್ಥೆ ಅದು. ಮಾನ್ಯತೆ ಬಂದರೆ ನನ್ನ ವರದಿಗೆ ನಾನೇ ಸಹಿ ಹಾಕಬಹುದು. ಅದಕ್ಕೆ ರೈತರೊಬ್ಬರ ಹೊಲದಲ್ಲಿ ಒಂದು ಇಡೀ ಹಂಗಾಮು ಸ್ವಂತ ಉಸ್ತುವಾರಿಯಲ್ಲಿ ಪ್ರಯೋಗ ಮಾಡಬೇಕು. ಶುರುವಿನಲ್ಲಿ ಫಾರ್ಮಿನ ಮೊದಲ ಭಾಗ, ಕೊನೆಯಲ್ಲಿ ವರದಿ ಕಳಿಸಬೇಕು. ಆಮೇಲೆ ಸಂದರ್ಶನ.

ಸತ್ತಿ ಊರಿನ ಆಚೆ ಕೃಷ್ಣೆಯ ದಂಡೆಯಲ್ಲಿ ತೋಟದ ಮನೆ ಮಾಡಿಕೊಂಡಿದ್ದ ಒಬ್ಬ ರೈತರು ಹೊಲ ಕೊಡಲು ಒಪ್ಪಿದರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಶಾಲೆ ಕಲಿಸುವ ಹೆಂಗಸರನ್ನು ಕರೆಯುವಂತೆ ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಅವರ ತಾಯಿ ಎಪ್ಪತ್ತು ದಾಟಿದ ಆಯಿ, ಮನೆಯ ಎಜಮಾನ್ಕಿ. ಮೊದಲ ದಿನ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು.

"ಯಾವೂರವ್ವಾ ನಿಂದು?"

"ಅಲಖನೂರ, ಆಯಿ."

"ಯಾರ ಪೈಕಿ?"

"ನಾವು ಬೌದ್ಧರ್ರಿ."

ನಮ್ಮ ಕಡೆ ಈ ಉತ್ತರಕ್ಕೆ ಅರ್ಥ ಏನೆಂದು ಎಲ್ಲರಿಗೂ ಗೊತ್ತು: ಅಪ್ಪನ ಕಾಲದಲ್ಲಿ ಊರ ಹೊರಗಿನ ನಮ್ಮ ಓಣಿಗೆ ಓಣಿಯೇ ಬುದ್ಧನ ಕಡೆ ತಿರುಗಿತ್ತು, ಓಣಿ ಮಾತ್ರ ಊರ ಹೊರಗೇ ಉಳಿದಿತ್ತು. ಆಮೇಲೆ ಆಯಿ ಜಾಗ ತೋರಿಸಿದಳು.

"ಕೂಡ್ರ ಮಗಳ, ಇಲ್ಲೇ ಕೂಡ್ರ. ಒಳಗ ಭಾಳ ಶೆಕಿ. ಇಲ್ಲಿ ಗಾಳಿ ಛಲೋ ಬರ್ತೈತಿ."

ನಾನು ಕೂತೆ. ಗಾಳಿ ನಿಜಕ್ಕೂ ಚೆನ್ನಾಗಿತ್ತು. ನಮ್ಮವ್ವ ಇಂಥ ಮನೆಗಳಿಗೆ ಕೂಲಿಗೆ ಹೋದಾಗ ಅಂಗಳದಲ್ಲೇ ನಿಲ್ಲುತ್ತಿದ್ದಳು. ಅಂಗಳದಿಂದ ಪಡಸಾಲೆಗೆ ಬರಲು ನಮ್ಮ ಮನೆತನಕ್ಕೆ ಒಂದು ತಲೆಮಾರು ಮತ್ತು ಒಂದು ಎಂ.ಎಸ್ಸಿ. ಬೇಕಾಯಿತು. ಚಹಾ ಬಂತು, ಕಪ್ಪು-ಬಸಿ ಪಡಸಾಲೆಯ ಗೂಡಿನಲ್ಲೇ ಬೇರೆ ಇಡುವಂಥವು. ಕುಡಿದು ನಾನೇ ತೊಳೆದಿಟ್ಟೆ. ಸಿಟ್ಟು ಬಂತು ಎಂದು ಬರೆದರೆ ಓದುವವರಿಗೆ ಹಿಡಿಸೀತು. ಆದರೆ ನನಗೆ ಬಂದದ್ದು ಸಿಟ್ಟಲ್ಲ. ಮಗಳ ಎಂದು ಕರೆದಳಲ್ಲ, ಆ ಬಾಯಿಂದಲೇ 'ಒಳಗ ಬಾ' ಎಂಬ ಮಾತೂ ಒಂದಿನ ಬಂದೀತು ಎಂಬ ಆಸೆ ಬಂತು. ಆಸೆ ಸಿಟ್ಟಿಗಿಂತ ಕೆಟ್ಟದ್ದು. ಸಿಟ್ಟು ಬಸ್ಸು ಹತ್ತುವಷ್ಟರಲ್ಲಿ ಇಳಿಯುತ್ತದೆ.

ಕಾರ್ಡುಗಳನ್ನು ಕಾಕಾನ ಕೈಗೆ ಕೊಡುವಾಗ ವಿವರಿಸಿ ಹೇಳಿದೆ. "ಇದು ಔಷಧ ಅಲ್ರಿ ಕಾಕಾ. ಬೀಜಾ ಇದ್ದಂಗ. ಒಳಗ ಜೀವ ಐತಿ. ಬೀಜಾ ಹೆಂಗ ಜ್ವಾಕಿ ಮಾಡ್ತೀರಿ, ಹಂಗ ಜ್ವಾಕಿ ಮಾಡ್ರಿ." ಅಥಣಿಯ ಬಸ್ಸು ಮುಟ್ಟುವುದು ಸುಡು ಮಧ್ಯಾಹ್ನ. ಆ ಬಿಸಿಲಲ್ಲಿ ಪಟ್ಟಿ ಕಟ್ಟುವಂತಿಲ್ಲ. ಮರುದಿನ ಬೆಳಗಿನ ತಂಪಿನಲ್ಲಿ ಅವರೇ ಕಟ್ಟಬೇಕು. ಅಲ್ಲಿಯವರೆಗೆ ತಂಪಾದ ಕಡೆ ಇಡಬೇಕು.

"ಅದರ ಕಾಳಜಿ ಬ್ಯಾಡ್ರಿ ಬಾಯಾರ" ಎಂದರು ಕಾಕಾ. "ಒಳಗ ಇಡ್ತೀವಿ. ನಮ್ಮನಿಯಾಗ ಅದಕ್ಕಿಂತ ಛಲೋ ಜಾಗಾ ಇಲ್ಲ."

ಕಾರ್ಡುಗಳು ಒಳಗೆ ಹೋದವು. ನಾನು ಪಡಸಾಲೆಯಲ್ಲಿ ಕೂತು ಫಾರ್ಮಿನ ಮೊದಲ ಭಾಗ ತುಂಬತೊಡಗಿದೆ. ಕಬ್ಬಿನ ತಳಿ, ನಾಟಿ, ನೀರು, ಎಲ್ಲ ಸರಾಗವಾಗಿ ಬರೆದೆ. ಒಂದು ಪ್ರಶ್ನೆಯ ಮುಂದೆ ಪೆನ್ನು ನಿಂತಿತು. ಜೈವಿಕ ಸಾಮಗ್ರಿ ಇಟ್ಟ ಜಾಗವನ್ನು ಅಭ್ಯರ್ಥಿ ಖುದ್ದಾಗಿ ನೋಡಿದ್ದಾರೆಯೇ? ಹೌದು ಅಥವಾ ಇಲ್ಲ. ಕೂತಲ್ಲಿಂದ ಬಗ್ಗಿ ನೋಡಿದೆ. ನಡುಮನೆಯ ಹೊಸ್ತಿಲು, ಅದರಾಚೆ ಕತ್ತಲು, ಕತ್ತಲಲ್ಲಿ ಯಾವುದೋ ಹಿತ್ತಾಳೆ ಕೊಡದ ಅಂಚು ಮಿನುಗುತ್ತಿತ್ತು. ಎದ್ದು ಹೋಗಿ, ಜಾಗ ತೋರಿಸಿರಿ ಎನ್ನಬಹುದಿತ್ತು. ಅವರು ಏನೆನ್ನುತ್ತಿದ್ದರೋ ಗೊತ್ತಿಲ್ಲ. ಕೇಳಿದರೆ ಇಲ್ಲ ಎಂದಾರು ಎಂಬ ಹೆದರಿಕೆ ನನಗೆ. ಕೇಳದಿದ್ದರೆ ಇಲ್ಲ ಎಂದವರು ಯಾರೂ ಇಲ್ಲವಲ್ಲ! ಹೌದು ಎಂದು ಗೀರಿ, ಮಡಚಿ, ಲಕೋಟೆಗೆ ಹಾಕಿದೆ.

ಹತ್ತು ದಿನಕ್ಕೊಮ್ಮೆ ಹೊಸ ಕಾರ್ಡು ಕೊಡುವುದು, ಹೊಲದಲ್ಲಿ ಒಣಗಿದ ಸುಳಿ ಎಣಿಸುವುದು ನಡೆಯಿತು. ಒಂದು ತುಂಡು ಹೊಲಕ್ಕೆ ಕಾರ್ಡು ಕಟ್ಟಿದ್ದೆವು, ಪಕ್ಕದ ತುಂಡಿಗೆ ಕಟ್ಟಿರಲಿಲ್ಲ, ಎರಡನ್ನೂ ಹೋಲಿಸಬೇಕು. ಎಣಿಸಲು ಆಯಿಯೂ ಬರುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಗೀರು ಹಾಕುತ್ತಿದ್ದೆ, ಅವಳು ಒಂದೊಂದು ಒಣ ಸುಳಿಗೆ ಒಂದೊಂದು ಜೋಳದ ಕಾಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಸಾಲಿನ ಕೊನೆಗೆ ಇಬ್ಬರ ಎಣಿಕೆ ತಾಳೆ ನೋಡುತ್ತಿದ್ದೆವು. ಬಹಳ ಸಲ ತಪ್ಪಿದ್ದು ನನ್ನದೇ. "ನಿನ ಸಾಲಿ ಏನ ಕಲಿಸ್ತವ್ವಾ" ಎಂದು ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು.

ಹೊಲದಲ್ಲಿ ಆಯಿ ಬೇರೆ, ಮನೆಯಲ್ಲಿ ಆಯಿ ಬೇರೆ. ಹೊಲದಲ್ಲಿ ಕಾಲುವೆ ದಾಟುವಾಗ ನನ್ನ ಹೆಗಲ ಮೇಲೆ ಕೈಯೂರುತ್ತಿದ್ದಳು. ಬೇವಿನ ನೆರಳಲ್ಲಿ ಕೂತು ಅವಳ ಅರಿವೆ ಗಂಟಿನ ರೊಟ್ಟಿಯನ್ನು ಅರ್ಧ ಮುರಿದು ನನ್ನ ಕೈಗೇ ಕೊಡುತ್ತಿದ್ದಳು, ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ. ಮಾತಾಡುತ್ತ ಮಾತಾಡುತ್ತ ನನ್ನ ತೊಡೆಯ ಮೇಲೆ ಬಡಿಯುತ್ತಿದ್ದಳು. ಅದೇ ಆಯಿ ಮನೆಗೆ ಬಂದು ಹೊಸ್ತಿಲು ದಾಟಿದರೆ ಒಳಗಿನಿಂದ ದನಿ ಮಾತ್ರ ಬರುತ್ತಿತ್ತು. "ಬಂದೆ ಮಗಳ, ಅಲ್ಲೇ ಇರು." ಆ ಮನೆಯ ಒಳಗನ್ನು ನಾನು ಕಿವಿಯಿಂದಲೇ ಕಲಿತೆ. ಯಾವ ಮೂಲೆಯಲ್ಲಿ ಬೀಸುವ ಕಲ್ಲಿದೆ, ಯಾವ ಕಡೆ ಒಲೆ, ಯಾವ ಬಾಗಿಲು ಕಿರ್ರೆನ್ನುತ್ತದೆ ಎಂದು ಈಗಲೂ ಹೇಳಬಲ್ಲೆ. ನನ್ನ ಊಹೆ ಎಷ್ಟು ಸರಿ ಎಂದು ನೋಡಿಕೊಳ್ಳಲು ಎಷ್ಟು ಮನಸ್ಸಾಗುತ್ತಿತ್ತು!

ಏಪ್ರಿಲ್ ಮುಗಿಯುವಾಗ ಲೆಕ್ಕ ಕೈಕೊಟ್ಟಿತು. ಕಾರ್ಡು ಕಟ್ಟಿದ ತುಂಡಿನಲ್ಲೂ ಕಟ್ಟದ ತುಂಡಿನಲ್ಲೂ ಒಣಗಿದ ಸುಳಿ ಒಂದೇ ಸಮ. ಬೇರೆ ಊರುಗಳಲ್ಲಿ, ಐನಾಪುರದಲ್ಲಿ ಸಹ, ಇದೇ ಲ್ಯಾಬಿನ ಕಾರ್ಡು ಚೆನ್ನಾಗಿ ನಡೆದಿದ್ದವು. ಅಲ್ಲೆಲ್ಲ ಬೆಳಗಿನ ಬಸ್ಸಿತ್ತು, ಕಾರ್ಡು ಬಂದ ಕೂಡಲೇ ಕಟ್ಟುತ್ತಿದ್ದರು. ಇಲ್ಲಿ ಕಣಜ ಹೊರಬಂದೇ ಇರಲಿಲ್ಲ. ಎಲೆಯಿಂದ ಒಂದು ಪಟ್ಟಿ ಬಿಚ್ಚಿ, ಕೈ ಮಸೂರದಲ್ಲಿ ನೋಡಿದೆ. ಮೊಟ್ಟೆಗಳು ಕಪ್ಪಗೆ ಹಾಗೇ ಕೂತಿದ್ದವು, ಒಂದರಲ್ಲೂ ಕಣಜ ಹೊರಬಿದ್ದ ತೂತಿಲ್ಲ. ಅವುಗಳ ನಡುವೆ ಹಳದಿ ಹುಡಿ. ಮೂಗಿಗೆ ಹಿಡಿದೆ: ಅರಿಷಿಣ, ಅದರ ಹಿಂದೆ ಲೋಬಾನದ ವಾಸನೆ.

ಪಟ್ಟಿ ಹಿಡಿದುಕೊಂಡೇ ಆಯಿಯ ಕಡೆ ತಿರುಗಿದೆ. "ಆಯಿ, ಇದನ್ನ ಎಲ್ಲಿ ಇಟ್ಟಿದ್ರಿ?"

"ದೇವರ ಮುಂದ" ಎಂದಳು ಹೆಮ್ಮೆಯಿಂದ. "ಬೀಜಾ ಅಂದಿದ್ದೆಲ್ಲ ನೀನ? ಬೀಜಾ ದೇವರ ಮುಂದ ಇಡದ ಹೊಲಕ್ಕ ಒಯ್ತಾರೇನ? ಅರಿಷಿಣ ಕುಂಕುಮ ಹಚ್ಚಿ, ದೀಪಾ ಹಚ್ಚಿ, ಲೋಬಾನ ಹಾಕಿ ಇಡತೇನಿ. ನಿನ ಪರೀಕ್ಷಾ ಪಾಸಾಗಲಿ ಅಂತ ನಿನ ಹೆಸರ ಹೇಳೇ ಕೈ ಮುಗಿತೇನಿ."

ನಾನು ಸಾಲಿನಲ್ಲೇ ಕುಕ್ಕರಗಾಲಲ್ಲಿ ಕೂತೆ. ನನ್ನ ಹೆಸರು ಹೇಳಿ, ನನ್ನ ಒಳ್ಳೆಯದಕ್ಕೆಂದೇ, ಅವಳು ಪ್ರತಿ ಹತ್ತು ದಿನಕ್ಕೊಮ್ಮೆ ನನ್ನ ಪ್ರಯೋಗವನ್ನು ಹೊಗೆ ಹಾಕಿ ಕೊಲ್ಲುತ್ತಿದ್ದಳು. ಹೇಗೆ ಬಯ್ಯುವುದು? ಬೀಜ ಎಂದು ಹೇಳಿಕೊಟ್ಟವಳೇ ನಾನು. ಬೀಜಕ್ಕೆ ಪೂಜೆ ಮಾಡಿದರೆ ಬೀಜ ಸಾಯುವುದಿಲ್ಲ, ಕಣಜ ಸಾಯುತ್ತದೆ. ಒಂದೇ ಒಂದು ಸಲ ಒಳಗೆ ಹೋಗಿ ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಆಯಿಗೆ ಮೆಲ್ಲಗೆ ವಿಷಯ ತಿಳಿಸಿದಾಗ ಅವಳು ಬಾಯಿಗೆ ಸೆರಗು ಹಚ್ಚಿಕೊಂಡಳು. "ಪಾಪ ಬಂತಲ್ಲೋ ನನ್ನ ಶಿವನ" ಎಂದಳು. ಕೊಂದ ಜೀವಗಳ ಪಾಪವೋ, ನನ್ನ ಪರೀಕ್ಷೆಯ ಪಾಪವೋ, ನಾನು ಕೇಳಲಿಲ್ಲ.

ಸಾಹೇಬರು ಲ್ಯಾಬಿನ ಬಾಗಿಲಲ್ಲೇ ನಿಂತು ಬುದ್ಧಿ ಹೇಳಿದರು. "ಬಿಸಲಿಗಿ ಸತ್ತಾವಂತ ಬರಿಯವಾ. ಅಥಣಿ ಬಿಸಲಂದ್ರ ಪುಣೆದಾವ್ರು ಇಲ್ಲ ಅನ್ನಾಂಗಿಲ್ಲ." ಮನಸ್ಸು ಅತ್ತ ಜಾರಿದ್ದು ನಿಜ. ಆದರೆ ಮಸೂರದಲ್ಲಿ ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆದು ಜೀವಶಾಸ್ತ್ರಜ್ಞೆ ಎನಿಸಿಕೊಂಡರೆ ಆ ಹೆಸರಿಗೆ ಏನು ಬೆಲೆ? ಅರಿಷಿಣ, ಲೋಬಾನ, ದೇವರ ಕೋಣೆ, ಎಲ್ಲವನ್ನೂ ವರದಿಯಲ್ಲಿ ಬರೆದೆ. ಮೊದಲ ಭಾಗದ ಆ 'ಹೌದು' ಮಾತ್ರ ಪುಣೆಯ ಫೈಲಿನಲ್ಲಿ ಕೂತೇ ಇತ್ತು. ಅದನ್ನು ಯಾರು ನೋಡುತ್ತಾರೆ ಎಂದುಕೊಂಡೆ.

ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ ಪುಣೆಗೆ ಹೋದೆ. ದಾರಿಯುದ್ದಕ್ಕೂ ಸೀರೆಗೆ ಹತ್ತಿಕೊಂಡ ನಿಪ್ಪಾಣಿಯ ತಂಬಾಕಿನ ಘಾಟು. ನನ್ನ ಹುಳುಗಳು ಜೊತೆಗಿದ್ದರೆ ಸತ್ತೇ ಹೋಗುತ್ತಿದ್ದವು. ಮೇಜಿನ ಆಚೆ ಮೂವರು. ಸ್ವಲ್ಪ ಇಂಗ್ಲಿಷಿನಲ್ಲಿ, ಸ್ವಲ್ಪ ಮರಾಠಿಯಲ್ಲಿ ಮಾತು. ಕಣಜದ ಜೀವನಚಕ್ರ, ಸುಳಿ ಹುಳು, ಎಣಿಕೆಯ ಕ್ರಮ, ಎಲ್ಲಕ್ಕೂ ಉತ್ತರಿಸಿದೆ. ಅವರ ಮುಖ ಅರಳಿದ್ದು ಕಂಡು ನನ್ನ ಧೈರ್ಯವೂ ಬೆಳೆಯಿತು. ಆಗ ನಡುವೆ ಕೂತಿದ್ದ ಹಿರಿಯರು ಮೊದಲ ಭಾಗದ ಹಾಳೆ ತೆಗೆದರು.

"ಕಾರ್ಡು ಇಟ್ಟ ಜಾಗ ಖುದ್ದಾಗಿ ನೋಡಿದ್ದೇನೆ ಎಂದು ಮೊದಲೇ ಬರೆದಿದ್ದೀರಿ. ನೋಡಿದ್ದರೆ ಅರಿಷಿಣ ಅಂದೇ ಕಾಣಬೇಕಿತ್ತಲ್ಲ?"

"ನೋಡಿರಲಿಲ್ಲ, ಸರ್."

"ಯಾಕೆ?"

ಯಾಕೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ವಾಕ್ಯ ಸಾಕಿತ್ತು. ಹೇಳಿದ್ದರೆ ಆ ಮೂವರೂ ತಲೆ ತಗ್ಗಿಸುತ್ತಿದ್ದರೇನೋ, ಪಾಸು ಮಾಡಿಯೂ ಕಳಿಸುತ್ತಿದ್ದರೇನೋ. ಆದರೆ ಅಲ್ಲಿಯವರೆಗೆ ಅವರು ನನ್ನ ಜೊತೆ ಒಬ್ಬ ಜೀವಶಾಸ್ತ್ರಜ್ಞೆಯ ಜೊತೆ ಮಾತಾಡುವಂತೆ ಮಾತಾಡಿದ್ದರು. ಆ ವಾಕ್ಯ ಹೇಳಿದ ಗಳಿಗೆಯಿಂದ ನಾನು ಅವರಿಗೆ ಬೇರೆಯೇ ಆಗಿ ಕಾಣುತ್ತೇನೆ, ಪಾಪದ ಹುಡುಗಿಯಾಗುತ್ತೇನೆ. ಇನ್ನೊಂದು ಮಾತೂ ಇತ್ತು. ಆಯಿಯ ಮನೆಯ ಹೊಸ್ತಿಲನ್ನು ಪುಣೆಯ ಮೇಜಿನ ಮೇಲೆ ತಂದಿಟ್ಟು ತೋರಿಸಲು ಮನಸ್ಸು ಬರಲಿಲ್ಲ. ರೊಟ್ಟಿ ಮುರಿದುಕೊಟ್ಟ ಕೈ ಅದು.

"ನನ್ನ ನಿರ್ಲಕ್ಷ್ಯ, ಸರ್" ಎಂದೆ.

ತಿಂಗಳ ನಂತರ ಪತ್ರ ಬಂತು. ಉಸ್ತುವಾರಿ ಸಾಲದು, ಇನ್ನೊಂದು ಹಂಗಾಮು ಮಾಡಿ ಮತ್ತೆ ಬರಬಹುದು ಎಂದು. ಮುಟ್ಟಿಸಿಕೊಳ್ಳದವಳು ಎನಿಸಿಕೊಳ್ಳುವುದಕ್ಕಿಂತ ನಿರ್ಲಕ್ಷ್ಯದವಳು ಎನಿಸಿಕೊಳ್ಳುವುದು ಲೇಸು ಎಂದು ನಾನೇ ಆರಿಸಿಕೊಂಡಿದ್ದೆ. ಆದರೂ ಆ ಪತ್ರ ಹಿಡಿದು ಅತ್ತೆ. ನಡೆದದ್ದನ್ನೆಲ್ಲ ಅವ್ವನಿಗೆ ಮಾತ್ರ ಹೇಳಿದೆ. ಅವಳು ಕಬ್ಬಿನ ಎಲೆ ಕೊಯ್ದ ಗೀರುಗಳಿಗೆ ಎಣ್ಣೆ ಸವರಿಕೊಳ್ಳುತ್ತ ಕೇಳಿಸಿಕೊಂಡಳು.

"ನಾ ಜನ್ಮ ಪೂರ್ತಿ ಅಂಗಳದಾಗ ನಿಂತೆ, ಒಂದಿನ ಅಳಲಿಲ್ಲ" ಎಂದಳು. "ನೀ ಪಡಸಾಲ್ಯಾಗ ಕುಂತ ಅಳತೀಯಲ್ಲಬೇ."

ನನ್ನ ಕಷ್ಟ ಅವಳಿಗೆ ತಿಳಿಯಲಿಲ್ಲ ಎಂದಲ್ಲ. ಅಂಗಳದಲ್ಲಿ ನಿಂತವರಿಗೆ ಒಳಗಿನ ದನಿ ಕೇಳಿಸುವುದಿಲ್ಲ, ಅಷ್ಟೇ.

ಮರುವರ್ಷ ಕಬ್ಬು ಚಿಗುರುವ ಹೊತ್ತಿಗೆ ಮತ್ತೆ ಅದೇ ಮನೆಗೆ ಹೋದೆ. ಬೇರೆ ಹೊಲ ನೋಡು ಎಂದು ಸಾಹೇಬರು ಹೇಳಿದ್ದರು. ನನ್ನ ಹಟ ನನಗೆ. ಈ ಸಲ ಪಡಸಾಲೆಯಲ್ಲಿ ಕೂಡಲಿಲ್ಲ. ನಿಂತೇ ಹೇಳಿದೆ. ಬಸ್ಸಿನಲ್ಲಿ ಬರುವಾಗ ಗಟ್ಟಿ ಮಾಡಿಕೊಂಡು ಬಂದ ಮಾತು.

"ಕಾಕಾ, ಈ ಸಲ ಕಾರ್ಡ ಇಡೂ ಜಾಗಾ ನಾನ ಕಣ್ಣಾರೆ ನೋಡಬೇಕ್ರಿ. ನೋಡಲಿಲ್ಲಂದ್ರ ಪುಣೆದಾವ್ರು ನನ್ನ ಒಪ್ಪೂದಿಲ್ಲ."

ಕಾಕಾ ತಾಯಿಯ ಮುಖ ನೋಡಿದರು. ಆಯಿ ನೆಲ ನೋಡಿದಳು. ಹೊರಗೆ ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ನನ್ನ ಕಾಲು ಹೊಸ್ತಿಲಿನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಹೂಂ ಎಂದಿದ್ದರೆ ಸಾಕಿತ್ತು, ನಾನು ಚಪ್ಪಲಿ ಬಿಟ್ಟೇ ನಿಂತಿದ್ದೆ.

"ಎರಡ ದಿನಾ ತಡಿ ಮಗಳ" ಎಂದಳು ಆಯಿ. "ವ್ಯವಸ್ಥಾ ಮಾಡತೇನಿ."

ಎರಡು ದಿನ ಬಿಟ್ಟು ಹೋದರೆ ಪಡಸಾಲೆಯ ಜಂತಿಗೆ ಹೊಸ ನೆಲುವು ತೂಗುತ್ತಿತ್ತು. ಹಾಲು ಮೊಸರಿನ ಗಡಿಗೆ ಇಡಲು ಹಗ್ಗದಿಂದ ಹೆಣೆಯುತ್ತಾರಲ್ಲ, ಅಂಥದ್ದು. ಆಯಿ ಕೈಯಾರೆ ಹೆಣೆದಿದ್ದಳು. ಅದರಲ್ಲಿ ಹೊಸ ಬಿದಿರಿನ ಬುಟ್ಟಿ, ಬುಟ್ಟಿಗೆ ತೆಳುವಾದ ಒದ್ದೆ ಅರಿವೆ. ಇರುವೆ ಹತ್ತದಂತೆ ಹಗ್ಗಕ್ಕೆ ಬೇವಿನೆಣ್ಣೆ ಹಚ್ಚುತ್ತೇನೆ ಎಂದಳು. ಆ ವಾಸನೆ ಕಣಜಕ್ಕೆ ಆಗದು, ಬೂದಿ ಸಾಕು ಎಂದೆ. ಬಿಸಿಲು ತಾಗದ, ಗಾಳಿಯಾಡುವ, ಹೊಗೆಯಿಲ್ಲದ ಜಾಗ. ನಾನು ಹುಡುಕಿದ್ದರೂ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

"ನೀ ದಿನಾ ಬಂದ ನೋಡವಾ. ಯಾರ ಬ್ಯಾಡಂತಾರ?" ಎಂದು ಆಯಿ ನನ್ನ ಮುಖವನ್ನೇ ನೋಡಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವಳ ಬೆರಳುಗಳಲ್ಲಿ ಹಗ್ಗ ತಿಕ್ಕಿದ ಗುಳ್ಳೆಗಳಿದ್ದವು. ನನಗಾಗಿ ಇಷ್ಟು ಮಾಡಿದವಳು ಆ ಇನ್ನೊಂದು ಚೂರನ್ನು ಯಾಕೆ ಮಾಡಲಿಲ್ಲ ಎಂದು ಕೇಳಲು ಆಗಲಿಲ್ಲ. ಇಷ್ಟು ಮಾಡಿದ್ದೇ ಅದನ್ನು ಮಾಡಬಾರದೆಂದು, ಎನ್ನುವುದೂ ನನಗೆ ಗೊತ್ತಿತ್ತು.

ಆ ವರ್ಷ ಕಣಜಗಳು ಎದ್ದವು. ಮೊದಲ ಪಟ್ಟಿಯಲ್ಲೇ ಮೊಟ್ಟೆಗಳಿಗೆಲ್ಲ ಸೂಜಿ ಚುಚ್ಚಿದಂಥ ತೂತು. ಮಸೂರವನ್ನು ಆಯಿಯ ಕಣ್ಣಿಗೆ ಹಿಡಿದು ತೋರಿಸಿದೆ. ಎಲೆಯ ಮೇಲೆ ಓಡಾಡುವ ಚುಕ್ಕೆಗಳನ್ನು ಕಂಡು ಅವಳು ಕೈ ಮುಗಿದಳು. ಮೇ ಹೊತ್ತಿಗೆ ಕಾರ್ಡು ಕಟ್ಟಿದ ತುಂಡು ಹಸಿರಾ ಹಸಿರು. ಪಕ್ಕದ್ದರಲ್ಲಿ ಅಲ್ಲಲ್ಲಿ ಒಣಗಿದ ಸುಳಿ. ಸಾಲಿನ ಕೊನೆಗೆ ಆಯಿಯ ಮಡಿಲಲ್ಲಿ ನಾಲ್ಕೇ ಕಾಳು. ನನ್ನ ಎಣಿಕೆಯಲ್ಲೂ ನಾಲ್ಕೇ. ಅವತ್ತು ಬೇವಿನ ಕೆಳಗೆ ಇಬ್ಬರೂ ಒಂದೇ ರೊಟ್ಟಿ ತಿಂದೆವು. ಅಷ್ಟು ಸುಖದ ಮಧ್ಯಾಹ್ನ ನನ್ನ ಜೀವನದಲ್ಲಿ ಬಹಳ ಇಲ್ಲ. ಈಗ ನೆನಪಾಗಿ ನೋಯಿಸುವುದೂ ಅದೇ ಮಧ್ಯಾಹ್ನ.

ಪುಣೆಯಲ್ಲಿ ಅದೇ ಹಿರಿಯರು ಅದೇ ಹಾಳೆ ತೆಗೆದರು. "ಈ ಸಲ ಜಾಗ ನೋಡಿದ್ದೀರಾ?"

"ನೋಡಿದ್ದೇನೆ, ಸರ್. ಪಡಸಾಲೆಯಲ್ಲಿ."

"ಮನೆಯ ಒಳಗೆ ಇನ್ನೂ ತಂಪಲ್ಲವೇ? ಪಡಸಾಲೆಯೇ ಯಾಕೆ?"

ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಒಳಗೆ ಒಲೆಯ ಹೊಗೆ, ದೀಪದ ಬಿಸಿ, ಅರಿಷಿಣದ ಹುಡಿ. ಪಡಸಾಲೆಯಲ್ಲಿ ಗಾಳಿ, ನೆರಳು. ಒಂದೂ ಸುಳ್ಳಲ್ಲ. ಹಿರಿಯರು ತಲೆದೂಗಿ, ಇದನ್ನು ನಿಮ್ಮ ರೈತರಿಗೆಲ್ಲ ಬರೆದು ಹಂಚಬೇಕು ಎಂದರು. ಹೋದ ವರ್ಷ ಸುಳ್ಳು ಹೇಳಿ ಸೋತಿದ್ದೆ, ಈ ವರ್ಷ ನಿಜದ ಅರ್ಧ ಹೇಳಿ ಗೆದ್ದೆ. ತೊಂಬತ್ತರ ದಶಕ ಶುರುವಾಗಿತ್ತು. ಮಾನ್ಯತೆ ಬಂತು. ಮಸ್ಟರಿನಲ್ಲಿ ನನ್ನ ಹುದ್ದೆಯ ಹೆಸರು ಬದಲಾಯಿತು. ಅವ್ವ ಓಣಿಯಲ್ಲಿ ಆ ಉದ್ದ ಶಬ್ದವನ್ನು ಹೇಳಲು ಹೋಗಿ, ಅರ್ಧಕ್ಕೆ ಸೋತು, "ಹುಳದ ಸಾಹೇಬ" ಎಂದಳಂತೆ. ಯಾರೂ ನಗಲಿಲ್ಲ.

ಹಿರಿಯರು ಹೇಳಿದಂತೆ ಒಂದು ಕರಪತ್ರ ಬರೆದೆ. ಕಾರ್ಖಾನೆಯವರು ಅಚ್ಚು ಹಾಕಿಸಿ ಅಥಣಿ, ಕಾಗವಾಡ, ರಾಯಬಾಗದ ಕಬ್ಬಿನ ಊರುಗಳಿಗೆಲ್ಲ ಹಂಚಿದರು. ಕೊನೆಯಲ್ಲಿ ನನ್ನ ಹೆಸರು, ಅದರ ಕೆಳಗೆ ಮೊದಲ ಸಲ ಅಚ್ಚಾದ ಜೀವಶಾಸ್ತ್ರಜ್ಞೆ ಎಂಬ ಶಬ್ದ. ಶಾಯಿ ವಾಸನೆ ಹೋಗುವ ಮೊದಲೇ ಒಂದು ಪ್ರತಿ ಹಿಡಿದು ಆಯಿಯ ಹತ್ತಿರ ಓಡಿದೆ. ಅವಳಿಗೆ ಓದಲು ಬಾರದು. ಪಡಸಾಲೆಯಲ್ಲಿ ಕೂತು ಕಾಕಾ ಗಟ್ಟಿಯಾಗಿ ಓದಿದರು.

"ಕಾರ್ಡುಗಳನ್ನು ಮನೆಯ ಒಳಗೆ, ಅಡುಗೆಮನೆಯಲ್ಲಾಗಲಿ ದೇವರ ಕೋಣೆಯಲ್ಲಾಗಲಿ ಇಡಬಾರದು. ಗಾಳಿಯಾಡುವ ಪಡಸಾಲೆಯಲ್ಲಿ ತೂಗುಹಾಕಬೇಕು. ಕಾರ್ಖಾನೆಯ ಸಿಬ್ಬಂದಿ ಬಂದಾಗ ಅಲ್ಲಿಯೇ ತೋರಿಸಬೇಕು."

ಆಯಿ ಪೂರ್ತಿ ಕೇಳಿಸಿಕೊಂಡಳು. ಅವಳ ಮುಖದಿಂದ ಎರಡು ವರ್ಷದ ಭಾರ ಇಳಿದಂತಾಯಿತು. ಇದ್ದಲ್ಲಿಂದಲೇ ನನ್ನ ಕಡೆ ಕೈ ಚಾಚಿ ದೃಷ್ಟಿ ತೆಗೆದು, ಬೆರಳಿನ ಲಟಿಗೆ ಮುರಿದಳು.

"ಛಲೋ ಬರದಿ ಮಗಳ. ಇನ್ನ ಯಾರ ಮನ್ಯಾಗೂ ಯಾರಿಗೂ ತ್ರಾಸಿಲ್ಲ."

"ಹೌದ ಆಯಿ" ಎಂದೆ. ಬರೆಯುವಾಗ ನನಗೆ ಹೊಳೆದೇ ಇರಲಿಲ್ಲ. ಆ ಊರುಗಳ ಅಷ್ಟೂ ಮನೆಗಳಲ್ಲಿ ನನ್ನನ್ನು ಒಳಗೆ ಕರೆಯಬೇಕೋ ಬೇಡವೋ ಎಂಬ ಪ್ರಶ್ನೆಯೇ ಇನ್ನು ಏಳದಂತೆ ನಾನೇ ಬರೆದು, ನಾನೇ ಕೆಳಗೆ ಹೆಸರು ಹಾಕಿದ್ದೆ. ಯಾರಿಗೂ ತ್ರಾಸಿಲ್ಲ, ನಿಜ. ಆದರೆ ಒಬ್ಬರಿಗಾದರೂ ಆ ತ್ರಾಸು ಆಗಬೇಕಿತ್ತು. ಆಯಿಗೆ ಆಗಬೇಕಿತ್ತು.